ಮೂತಿ ಬಸ್ಸಿನ ಮುಂದಿನ ಪಾಟಾ, ಕಿಂಗ್ ಪಿನ್: ಮರಳಿ ಜೋಡಿಸುವ ಮುನ್ನ

ಪ್ರಶ್ನೆ: ನಮ್ಮ ತಾತನವರು ಕೊಂಡಿದ್ದ 1967ನೇ ಇಸವಿಯ ಟಾಟಾ ಮರ್ಸಿಡಿಸ್ ಬೆಂಜ್ ಚಾಸಿಸ್‌ನ ಮೂತಿ ಬಸ್ಸು (ಎಂಜಿನ್ ಮುಂದಕ್ಕೆ ಚಾಚಿರುವ ಬಸ್ಸು) ಚಳ್ಳಕೆರೆಯ ನಮ್ಮ ಶೆಡ್ಡಿನಲ್ಲಿದೆ. ಒಂದು ಕಾಲಕ್ಕೆ ಚಿತ್ರದುರ್ಗದ ಮೇಲೆ ದಾವಣಗೆರೆಗೆ ಓಡುತ್ತಿದ್ದ ಗಾಡಿ. ಬಾಡಿಗೆಗಲ್ಲ, ಮನೆಯವರ ನೆನಪಿಗಾಗಿ ಅದನ್ನು ಮತ್ತೆ ಓಡುವಂತೆ ಮಾಡುತ್ತಿದ್ದೇನೆ. ಮುಂದಿನ ಆಕ್ಸಲ್ ಪೂರ್ತಿ ಬಿಚ್ಚಿ, ಪಾಟಾಗಳಿಗೆ (ಗಾಡಿಯ ಭಾರ ಹೊತ್ತು ಬಾಗುವ ಉಕ್ಕಿನ ಪಟ್ಟಿಗಳಿಗೆ) ಹೊಸದಾಗಿ ಕಮಾನು, ಅಂದರೆ ಬಾಗು, ಕೊಡಿಸಿದ್ದೇನೆ. ಪಾಟಾ ಅಂಗಡಿಯವರು ಗಟ್ಟಿಯಾಗಿರಲಿ ಎಂದು ಎಂಟು ಪಾಟಾಗಳ ಸೆಟ್ಟಿಗೆ ಒಂಬತ್ತನೆಯದನ್ನೂ ಸೇರಿಸಿದ್ದಾರೆ. ಮುಂದಿನ ಚಕ್ರ ಎಡಬಲಕ್ಕೆ ಹೊರಳಲು ಆಧಾರವಾದ ಕಿಂಗ್ ಪಿನ್, ಅದರ ಸುತ್ತಿನ ಬುಷ್, ಭಾರ ಹೊರುವ ಥ್ರಸ್ಟ್ ಬೇರಿಂಗ್ ಹೊಸವು. ಪ್ರತಿ ಪಾಟಾವನ್ನೂ ಬಿಡಿಬಿಡಿಯಾಗಿ, ಆಕ್ಸಲ್ಲನ್ನೂ, ಅದಕ್ಕೂ ಪಾಟಾಕ್ಕೂ ನಡುವೆ ಕೂರುವ ಬೆಣೆ ತಟ್ಟೆಗಳನ್ನೂ ಸೇರಿಸಿ ಪೌಡರ್ ಕೋಟಿಂಗ್ ಮಾಡಿಸಿದ್ದೇನೆ, ನೋಡಲು ಹೊಸದರಂತಿವೆ. ಬಿಚ್ಚುವಾಗ ಎಡಬದಿಯ ಪಾಟಾಗಳ ನಡುವಿನ ತೂತಿನಲ್ಲಿ ಹಾಯುವ ಸೆಂಟರ್ ಬೋಲ್ಟ್ ತುಂಡಾಗಿತ್ತು. ಈ ಸಲ ದಪ್ಪನೆಯ ಬೋಲ್ಟ್ ಹಾಕಿ, ಪಾಟಾಗಳನ್ನು ಆಕ್ಸಲ್ಲಿಗೆ ಅಪ್ಪಿ ಹಿಡಿಯುವ ಹಳೆಯ ಯು ಬೋಲ್ಟುಗಳೇ ಸಾಕು ಎಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಗಾಡಿ ನೆಲಕ್ಕಿಳಿಯುವ ಮೊದಲು ಯಾವ ಬೋಲ್ಟನ್ನೂ ಬಿಗಿಯಬಾರದು ಎನ್ನುತ್ತಾರೆ ಇನ್ನೊಬ್ಬರು. ಬೆಣೆಗಳ ದಪ್ಪ ತುದಿ ಯಾವ ಕಡೆಗಿತ್ತೆಂದು ನಾನು ಗುರುತು ಹಾಕಿಕೊಂಡಿಲ್ಲ. ಬಲಬದಿಯ ಸ್ಟಬ್ ಆಕ್ಸಲ್ (ಚಕ್ರ ಕೂರುವ ಗಿಡ್ಡ ತುಂಡು) ಕೈಯಿಂದ ತಿರುಗಿಸಿದರೆ ಬಿಗಿಯಾಗಿದೆ, ಓಡುತ್ತ ಸಡಿಲಾಗುತ್ತದಂತೆ. ಇವುಗಳಲ್ಲಿ ಯಾವುದು ನಿಜ, ಜೋಡಣೆಯನ್ನು ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಐದಾರು ಇದ್ದರೂ ಅವುಗಳ ಹಿಂದಿನ ಆತಂಕ ಒಂದೇ ಎಂದು ನನಗೆ ತೋರುತ್ತದೆ. ಇಷ್ಟು ಹಣ ಸುರಿದು ಹೊಸದರಂತೆ ಮಾಡಿಸಿದ ಭಾಗಗಳನ್ನು ತಪ್ಪಾಗಿ ಕೂರಿಸಿ, ಓಡುವಾಗ ಮುಂದಿನ ಆಕ್ಸಲ್ ಜರುಗಿಬಿಟ್ಟರೆ ಏನು ಗತಿ ಎಂಬುದು ಆ ಆತಂಕ. ಅದು ಸರಿಯಾದದ್ದೇ. ಆದರೆ ನೀವು ಪ್ರಶ್ನೆಯಾಗಿ ಕೇಳದೆ, ಸಂತೋಷದಿಂದ ಹೇಳಿಕೊಂಡ ಸಂಗತಿಯೊಂದು ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಚಿಂತೆ ತಂದಿತು. ಅದು ಬಿಡಿಬಿಡಿಯಾಗಿ ಮಾಡಿಸಿದ ಪೌಡರ್ ಕೋಟಿಂಗ್. ಹಾಗಾಗಿ ಜೋಡಣೆಯ ಮೊದಲ ಕೆಲಸ ಪಾನ (ಸ್ಪ್ಯಾನರ್) ಹಿಡಿಯುವುದಲ್ಲ, ಬಣ್ಣ ಕೆರೆಯುವುದು. ಏಕೆ ಎಂಬುದು ತಿಳಿಯಬೇಕಾದರೆ ತುಂಡಾದ ಆ ಸೆಂಟರ್ ಬೋಲ್ಟಿನ ಕಥೆಯನ್ನು ಮೊದಲು ನೋಡಬೇಕು.

ಸೆಂಟರ್ ಬೋಲ್ಟೇ ಆಕ್ಸಲ್ಲನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಗ್ಯಾರೇಜುಗಳಲ್ಲಿ ಬಹಳ ಹಳೆಯದು. ಅದು ಮುರಿದಾಗ ಆಕ್ಸಲ್ ಜರುಗುವುದನ್ನು ಎಲ್ಲರೂ ನೋಡಿರುವುದರಿಂದ ಆ ನಂಬಿಕೆ ಹುಟ್ಟಿದ್ದು ಸಹಜ. ವಾಸ್ತವದಲ್ಲಿ ಸೆಂಟರ್ ಬೋಲ್ಟಿನ ಕೆಲಸ ಎರಡೇ: ಪಾಟಾಗಳನ್ನು ಒಂದು ಕಟ್ಟಾಗಿ ಇಟ್ಟುಕೊಳ್ಳುವುದು, ಮತ್ತು ತನ್ನ ತಲೆಯನ್ನು ಆಕ್ಸಲ್ ಪ್ಯಾಡಿನ (ಆಕ್ಸಲ್ಲಿನ ಮೇಲೆ ಪಾಟಾ ಕೂರುವ ಚಪ್ಪಟೆ ಜಾಗದ) ಗುಂಡಿಯಲ್ಲಿ ಕೂರಿಸಿ ಜೋಡಣೆಯ ಹೊತ್ತಿನಲ್ಲಿ ಆಕ್ಸಲ್ಲಿಗೆ ಜಾಗ ತೋರಿಸುವುದು. ಬ್ರೇಕ್ ಒತ್ತಿದಾಗ, ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗ ಆಕ್ಸಲ್ಲನ್ನು ಹಿಂದಕ್ಕೆ ತಳ್ಳುವ ಬಲವನ್ನು ತಡೆಯುವುದು ನಾಲ್ಕು ಕಾಲುಗಳ ಯು ಬೋಲ್ಟುಗಳ ಹಿಡಿತ. ಆ ಹಿಡಿತ ಪಾಟಾ, ಬೆಣೆ, ಪ್ಯಾಡುಗಳನ್ನು ಒಂದರ ಮೈಗೆ ಇನ್ನೊಂದನ್ನು ಒತ್ತಿ, ಅವುಗಳ ನಡುವಿನ ಘರ್ಷಣೆಯಿಂದಲೇ ಎಲ್ಲವನ್ನೂ ಅಲುಗಾಡದಂತೆ ಇಡುತ್ತದೆ. ಹಿಡಿತ ಸಡಿಲವಾದ ದಿನ, ಆ ಬಲವೆಲ್ಲ ಬೆರಳು ಗಾತ್ರದ ಸೆಂಟರ್ ಬೋಲ್ಟಿನ ಮೇಲೆ ಬೀಳುತ್ತದೆ. ಕೆಲವು ಸಾವಿರ ಕಿಲೋಮೀಟರುಗಳಲ್ಲಿ ಅದು ಕತ್ತರಿಸಿಹೋಗುತ್ತದೆ. ಅಂದರೆ ನಿಮ್ಮ ಎಡಬದಿಯಲ್ಲಿ ಸೋತದ್ದು ಬಹುಶಃ ಯು ಬೋಲ್ಟುಗಳು. ಅವನ್ನೇ ಉಳಿಸಿಕೊಂಡು ಸೆಂಟರ್ ಬೋಲ್ಟನ್ನು ದಪ್ಪ ಮಾಡುವುದೆಂದರೆ, ಮಾಡು ಸೋರುತ್ತಿರುವಾಗ ಕೆಳಗೆ ದೊಡ್ಡ ಕೊಡ ಇಟ್ಟ ಹಾಗೆ.

ದಪ್ಪ ಬೋಲ್ಟಿನಿಂದ ಇನ್ನೊಂದು ಅಪಾಯವೂ ಇದೆ. ಅದಕ್ಕಾಗಿ ಪ್ರತಿ ಪಾಟಾದ ನಡುವಿನ ತೂತನ್ನು ಅಗಲ ಮಾಡಬೇಕಾಗುತ್ತದೆ. ಪಾಟಾ ಅತಿ ಹೆಚ್ಚು ಬಾಗುವ ಒತ್ತಡವನ್ನು ತಾಳುವುದು ಆ ನಡು ಭಾಗದಲ್ಲಿಯೇ, ಅಲ್ಲಿಯೇ ಉಕ್ಕನ್ನು ಕಡಿಮೆ ಮಾಡಿದಂತಾಗುತ್ತದೆ. ಹೀಗೆ ಕೊರೆದ ಪಾಟಾಗಳು ತೂತಿನ ನೇರಕ್ಕೆ ಅಡ್ಡಡ್ಡ ತುಂಡಾಗಿ ಬಂದದ್ದನ್ನು ನಾನು ಸಾಕಷ್ಟು ಕಂಡಿದ್ದೇನೆ. ಮೂಲ ಅಳತೆಯ, ಹೆಚ್ಚು ಬಲದ ದರ್ಜೆಯ ಹೊಸ ಬೋಲ್ಟ್ ಸಾಕು.

ಈಗ ಬಣ್ಣದ ವಿಷಯಕ್ಕೆ ಬರುತ್ತೇನೆ. ಬೋಲ್ಟನ್ನು ಬಿಗಿಯುವುದೆಂದರೆ ಅದನ್ನು ರಬ್ಬರಿನಂತೆ ಎಳೆದು ಹಿಡಿಯುವುದೇ ಆಗಿದೆ. ಎಳೆತ ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ನಿಮ್ಮ ಗಾಡಿಯಲ್ಲಿ ಯು ಬೋಲ್ಟಿನ ಒಂದು ಕಾಲಿನ ಉದ್ದ ಸುಮಾರು 200 ಮಿಲಿಮೀಟರ್ ಎಂದು ಹಿಡಿದರೆ, ಸರಿಯಾಗಿ ಬಿಗಿದಾಗ ಅದು ಹಿಗ್ಗುವುದು ಒಂದು ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನಲ್ಲಿ. ಹಿಡಿತವೆಲ್ಲ ಆ ಕಾಲು ಮಿಲಿಮೀಟರಿನಲ್ಲಿದೆ. ಇನ್ನೊಂದು ಕಡೆ ಪೌಡರ್ ಕೋಟಿಂಗಿನ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪ. ಒಂಬತ್ತು ಪಾಟಾಗಳಿಗೆ ಎರಡೆರಡು ಮೈ ಎಂದರೆ ಹದಿನೆಂಟು ಪದರ. ಸರಾಸರಿ 80 ಮೈಕ್ರಾನಿನಂತೆ ಲೆಕ್ಕ ಹಾಕಿದರೂ ಸುಮಾರು 1.4 ಮಿಲಿಮೀಟರ್ ಪ್ಲಾಸ್ಟಿಕ್ಕು ನಿಮ್ಮ ಬೋಲ್ಟಿನ ಹಿಡಿತದೊಳಗೆ ಕೂತಿದೆ. ಬೆಣೆ, ಪ್ಯಾಡು, ಮೇಲಿನ ತಟ್ಟೆಗಳ ಪದರಗಳನ್ನು ನಾನು ಸೇರಿಸಿಯೂ ಇಲ್ಲ. ಬೇಸಿಗೆಯ ಬಿಸಿಲು, ಕುಲುಕಾಟ ಎರಡೂ ಸೇರಿ ಆ ಬಣ್ಣ ಅದುಮಿ, ಹರಿದು, ಪುಡಿಯಾಗಿ ಹೊರಬೀಳತೊಡಗಿದಾಗ, ಅದರಲ್ಲಿ ಆರನೇ ಒಂದು ಭಾಗ ಕುಸಿದರೂ ಯು ಬೋಲ್ಟಿನ ಎಳೆತ ಪೂರ್ತಿ ಇಳಿದುಹೋಗುತ್ತದೆ. ನಟ್ ತಿರುಗಿರುವುದಿಲ್ಲ, ನೋಡಿದರೆ ಎಲ್ಲವೂ ಬಿಗಿಯಾಗಿರುವಂತೆಯೇ ಕಾಣುತ್ತದೆ, ಆದರೆ ಒಳಗೆ ಹಿಡಿತವಿರುವುದಿಲ್ಲ.

ಆದ್ದರಿಂದ ಪ್ರತಿ ಪಾಟಾದ ನಡುಭಾಗದಲ್ಲಿ, ಆಕ್ಸಲ್ ಪ್ಯಾಡಿನಷ್ಟು ಉದ್ದ ಹಾಗೂ ಎರಡೂ ಕಡೆ ಒಂದೆರಡು ಬೆರಳು ಹೆಚ್ಚಿಗೆ, ಬಣ್ಣವನ್ನು ಲೋಹ ಕಾಣುವವರೆಗೆ ತೆಗೆಯಿರಿ. ಪ್ಯಾಡಿನ ಮೇಲ್ಮೈ, ಬೆಣೆಯ ಎರಡೂ ಮೈ, ಯು ಬೋಲ್ಟ್ ಕೂರುವ ತಟ್ಟೆ, ನಟ್ ಕೂರುವ ಜಾಗ ಎಲ್ಲವೂ ಹಾಗೆಯೇ ಆಗಬೇಕು. ತುಕ್ಕಿನ ಭಯಕ್ಕೆ ತೆಳುವಾಗಿ ಒಂದು ಕೈ ಜಿಂಕ್ ಪ್ರೈಮರ್ ಸಾಕು. ಚಕ್ರದ ರಿಮ್ಮಿಗೂ, ಅದು ಕೂರುವ ಹಬ್ಬಿಗೂ (ಹಬ್) ದಪ್ಪ ಬಣ್ಣ ಬಳಿಸಿದ್ದರೆ ಅವೆರಡೂ ಸೇರುವ ಮುಖದಲ್ಲಿಯೂ ತೆಗೆಸಿ, ಚಕ್ರದ ನಟ್ ಸಡಿಲಾಗುವುದೂ ಇದೇ ಕಾರಣಕ್ಕೆ. ಗ್ರೈಂಡರಿನ ಕಲ್ಲು ಚಕ್ರವನ್ನು ಪಾಟಾಕ್ಕೆ ತಾಗಿಸಬೇಡಿ. ಪೇಂಟ್ ರಿಮೂವರ್ ಹಾಗೂ ತಂತಿ ಬ್ರಷ್ಷಿನಿಂದ ನಿಧಾನವಾಗಿ ಆಗುವ ಕೆಲಸ ಇದು. ಎರಡು ದಿನ ಹಿಡಿಯುತ್ತದೆ, ಬೇಸರದ ಕೆಲಸವೂ ಹೌದು. ಅಂದ ಹಾಗೆ, ಪೌಡರ್ ಕೋಟಿಂಗಿನ ಒಲೆಯ ಬಿಸಿಗೆ ಪಾಟಾದ ಹದ, ಅಂದರೆ ಮುರಿಯದೆ ಪುಟಿಯುವ ಗುಣ, ಹೋಗಿರಬಹುದೇ ಎಂಬ ಭಯ ನಿಮಗೆ ಬೇಡ. ಆ ಒಲೆ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ, ಪಾಟಾಕ್ಕೆ ಹದ ಕೊಡುವುದು ಅದರ ದುಪ್ಪಟ್ಟಿಗೂ ಮೇಲಿನ ಬಿಸಿಯಲ್ಲಿ.

ಬಣ್ಣ ತೆಗೆದಾಗ ಇನ್ನೊಂದು ಪ್ರಯೋಜನವಿದೆ: ಬಿರುಕುಗಳು ಕಾಣುತ್ತವೆ. ಬಣ್ಣ ಬಳಿಸುವ ಮೊದಲೇ ಆಗಬೇಕಿದ್ದ ಪರೀಕ್ಷೆ ಇದು. ಸೆಂಟರ್ ಬೋಲ್ಟಿನ ತೂತಿನ ಸುತ್ತ ಸೀಮೆಎಣ್ಣೆ ಒರೆಸಿ, ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಒಣ ಬಟ್ಟೆಯಿಂದ ಒರೆಸಿ, ಸುಣ್ಣದ ಪುಡಿ ಅಥವಾ ಸೀಮೆಸುಣ್ಣದ ಪುಡಿ ಉದುರಿಸಿದರೆ, ಬಿರುಕಿದ್ದ ಕಡೆ ಎಣ್ಣೆ ಮತ್ತೆ ಜಿನುಗಿ ಕೂದಲೆಳೆಯಂಥ ಗೆರೆ ಮೂಡುತ್ತದೆ. ಬಣ್ಣದ ದ್ರವ ಸಿಂಪಡಿಸಿ ನೋಡುವ ಕಿಟ್ಟುಗಳು ಸಿಗುತ್ತವೆ, ಅವು ಇನ್ನೂ ನಿಖರ. ಸ್ಟಬ್ ಆಕ್ಸಲ್ಲಿನ ಬುಡ ಮತ್ತು ಸ್ಟೀರಿಂಗ್ ಆರ್ಮುಗಳನ್ನು ಮಾತ್ರ ಮ್ಯಾಗ್ನೆಟಿಕ್ ಪರೀಕ್ಷೆ ಮಾಡುವವರಲ್ಲಿಗೆ ಕಳುಹಿಸಿ. ಅರವತ್ತು ವರ್ಷದ ಹತ್ತಿರದ ಉಕ್ಕದು. ಪಾಟಾ ಮುರಿದರೆ ಗಾಡಿ ಒಂದು ಕಡೆ ಕುಸಿಯುತ್ತದೆ, ಸ್ಟಬ್ ಆಕ್ಸಲ್ ಮುರಿದರೆ ಚಕ್ರವೇ ಕಳಚಿಹೋಗುತ್ತದೆ. ಯಾವ ಪಾಟಾದಲ್ಲಿ ಬಿರುಕು ಕಂಡರೂ ವೆಲ್ಡಿಂಗ್ ಮಾತೇ ಬೇಡ. ವೆಲ್ಡಿಂಗಿನ ಬಿಸಿಗೆ ಅಕ್ಕಪಕ್ಕದ ಉಕ್ಕು ಗಾಜಿನಂತೆ ಪೆಡಸಾಗಿ, ಹೊಸ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಕಮಾನು ಕೊಟ್ಟ ಬಗೆ ಯಾವುದೆಂದು ಅಂಗಡಿಯವರನ್ನು ಕೇಳಿ ತಿಳಿದುಕೊಳ್ಳಿ. ಸರಿಯಾದ ವಿಧಾನದಲ್ಲಿ ಇಡೀ ಪಾಟಾವನ್ನು 850 ಡಿಗ್ರಿಯ ಹತ್ತಿರಕ್ಕೆ ಕಾಯಿಸಿ, ಬಾಗಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ 450ರಿಂದ 500 ಡಿಗ್ರಿಯಲ್ಲಿ ಹದ ಕೊಡುತ್ತಾರೆ. ನಮ್ಮ ಕಡೆ ಹೆಚ್ಚಾಗಿ ನಡೆಯುವುದು ತಣ್ಣನೆಯ ಪಾಟಾವನ್ನು ಎರಡು ಆಸರೆಗಳ ಮೇಲಿಟ್ಟು ಸುತ್ತಿಗೆಯಲ್ಲಿ ಬಡಿದು ಬಾಗಿಸುವುದು. ಅದರಿಂದಲೂ ಗಾಡಿ ಓಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕಮಾನು ಬೇಗ ಕೂರುತ್ತದೆ. ಅದಕ್ಕಿಂತ ಮುಖ್ಯವಾಗಿ, ಸುತ್ತಿಗೆ ಬೀಳುವುದು ಕಮಾನಿನ ಒಳಮೈ ಮೇಲೆ. ಭಾರ ಬಿದ್ದು ಪಾಟಾ ಚಪ್ಪಟೆಯಾಗುವಾಗ ಎಳೆತಕ್ಕೆ ಸಿಕ್ಕುವ ಮೈಯೂ ಅದೇ. ಬೆರಳಿನಿಂದ ಸವರಿ ನೋಡಿ: ಉಗುರು ಸಿಕ್ಕಿಕೊಳ್ಳುವಷ್ಟು ಅಂಚಿರುವ ಗುದ್ದಿನ ಗುರುತುಗಳಿದ್ದರೆ ಆ ಪಾಟಾ ಮುಂದಿನ ಆಕ್ಸಲ್ಲಿಗೆ ಬೇಡ. ಒಂದೇ ಜಾಗವನ್ನು ಗ್ಯಾಸ್ ಬತ್ತಿಯಿಂದ ಕೆಂಪಗೆ ಕಾಯಿಸಿ ಬಾಗಿಸಿದ್ದರಂತೂ ಅಲ್ಲಿ ಹದವೇ ಉಳಿದಿರುವುದಿಲ್ಲ, ಅಂಥ ಸೆಟ್ಟನ್ನು ತಿರಸ್ಕರಿಸಿ.

ಒಂಬತ್ತನೆಯ ಪಾಟಾವನ್ನು ತೆಗೆದುಬಿಡಿ ಎಂಬುದು ನನ್ನ ಸಲಹೆ. ಪಾಟಾ ಹೆಚ್ಚಾದಷ್ಟೂ ಗಾಡಿ ಗಟ್ಟಿ ಎಂಬ ಮಾತು ಜಲ್ಲಿ ಲಾರಿಗಳಿಂದ ಬಂದದ್ದು. ನಿಮ್ಮ ಬಸ್ಸು ಮೇಲ್ಗಡೆ ಕಡಲೆಕಾಯಿ ಮೂಟೆ, ಒಳಗೆ ಅರವತ್ತು ಜನ ಹೊತ್ತು ಓಡಿದ ದಿನಗಳಲ್ಲಿಯೂ ಎಂಟರಲ್ಲೇ ಓಡಿತ್ತು. ಈಗ ಮನೆಯ ಹತ್ತು ಜನ ಕೂರುವ ಗಾಡಿಗೆ ಒಂಬತ್ತು ಏಕೆ? ಹೆಚ್ಚುವರಿ ಪಾಟಾದಿಂದ ಗಾಡಿಯ ಮೂತಿ ಮೇಲೇಳುತ್ತದೆ, ಸ್ಟೀರಿಂಗಿನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಸರಳಿನ ಓರೆ ಬದಲಾಗುತ್ತದೆ, ಪಾಟಾದ ತುದಿಯನ್ನು ಚಾಸಿಸ್‌ಗೆ ತೂಗುಹಾಕುವ ಶಾಕಲ್ ತನ್ನ ಸಹಜ ಕೋನದಲ್ಲಿ ನಿಲ್ಲುವುದಿಲ್ಲ. ಡ್ರ್ಯಾಗ್ ಲಿಂಕ್ ಓರೆಯಾದರೆ ಪ್ರತಿ ಹಳ್ಳದಲ್ಲಿಯೂ ಪಾಟಾ ಏರಿಳಿದಂತೆಲ್ಲ ಸ್ಟೀರಿಂಗ್ ತಾನಾಗಿಯೇ ಒಂದಿಷ್ಟು ಎಳೆಯುತ್ತದೆ. ಚಾಲಕ ಅದನ್ನು ಟೈರಿನ ದೋಷವೆಂದುಕೊಂಡು ವರ್ಷಗಟ್ಟಲೆ ಒದ್ದಾಡುತ್ತಾನೆ. ಹಾಗೆಯೇ, ಪಾಟಾಗಳನ್ನು ಬದಿಯಿಂದ ಅಪ್ಪಿ ಹಿಡಿಯುವ ಕ್ಲಿಪ್ಪುಗಳು ಎರಡೂ ಕಡೆ ಇವೆಯೇ ನೋಡಿಕೊಳ್ಳಿ. ಚಕ್ರ ಹಳ್ಳಕ್ಕೆ ಇಳಿದಾಗ ಮೇನ್ ಪಾಟಾ ಒಂದೇ ಭಾರ ಹೊರದಂತೆ ನೋಡಿಕೊಳ್ಳುವವು ಅವೇ, ಪಾಟಾ ಕೆಲಸದ ನಂತರ ಮೂಲೆಯಲ್ಲಿ ಮರೆತುಹೋಗುವವೂ ಅವೇ.

ಯು ಬೋಲ್ಟುಗಳು ಹೊಸವೇ ಆಗಲಿ. ಒಮ್ಮೆ ಪೂರ್ತಿ ಎಳೆತಕ್ಕೆ ಸಿಕ್ಕ ಬೋಲ್ಟಿನ ಥ್ರೆಡ್ ಹಿಗ್ಗಿರುತ್ತದೆ. ಹೊಸ ನಟ್ಟನ್ನು ಕೈಯಲ್ಲಿ ಕೊನೆಯವರೆಗೆ ಇಳಿಸಿ ನೋಡಿದರೆ ನಡುವೆ ಎಲ್ಲೋ ಬಿಗಿಯಾಗುತ್ತದೆ, ಹಿಗ್ಗಿದ ಸಾಕ್ಷಿ ಅದು. ಸಾಮಾನ್ಯ ಸರಳನ್ನು ಕುಲುಮೆಯಲ್ಲಿ ಬಾಗಿಸಿ ಥ್ರೆಡ್ ಹಾಕಿಕೊಡುವವರು ಈಗಲೂ ಇದ್ದಾರೆ, ಅವರ ಕೈಚಳಕಕ್ಕೆ ನನಗೆ ಗೌರವವಿದೆ. ಆದರೆ ಎಷ್ಟು ಎಳೆದರೆ ಎಷ್ಟು ತಾಳುತ್ತದೆ ಎಂಬುದು ಆ ಸರಳಿನ ಬಗ್ಗೆ ಯಾರಿಗೂ ತಿಳಿದಿರುವುದಿಲ್ಲ. ಹಳೆಯ ಯು ಬೋಲ್ಟನ್ನೇ ಅಳತೆಗೆ ಒಯ್ದು, ಬಾಗಿನ ಆಕಾರವೂ ಹೊಂದುವಂಥದ್ದನ್ನು ಕೊಳ್ಳಿ. ಚಾಸಿಸ್‌ನ ಕೈಪಿಡಿಯಲ್ಲಿ ಕೊಟ್ಟ ಬಿಗಿತದ ಅಂಕಿಗೇ ಟಾರ್ಕ್ ರೆಂಚಿನಿಂದ, ಅಂದರೆ ಬಿಗಿತವನ್ನು ಅಳೆಯುವ ಪಾನದಿಂದ, ಬಿಗಿಯಿರಿ. ಎಪ್ಪತ್ತು ಕಿಲೋ ತೂಕದ ಮನುಷ್ಯ ಒಂದು ಮೀಟರ್ ಪೈಪಿನ ತುದಿಗೆ ಜೋತುಬಿದ್ದರೆ ಅದು 70 ಕೆಜಿ-ಮೀಟರ್ ಆಗುತ್ತದೆ, ಅವನು ಕೈಯಿಂದಷ್ಟೇ ಎಳೆದರೆ ಅದರ ಅರ್ಧವೂ ಆಗುವುದಿಲ್ಲ. ‘ಪೈಪ್ ಹಾಕಿ ಬಿಗಿದಿದ್ದೇನೆ’ ಎಂಬ ಮಾತಿಗೆ ಅದಕ್ಕೇ ಅರ್ಥವಿಲ್ಲ.

ನೆಲಕ್ಕಿಳಿಸಿಯೇ ಬಿಗಿಯಬೇಕೆಂಬ ಮಾತಿನಲ್ಲಿ ಅರ್ಧ ನಿಜವಿದೆ. ಲೋಹದ ಎರಡು ಕೊಳವೆಗಳ ನಡುವೆ ರಬ್ಬರ್ ಅಂಟಿಸಿದ ಬುಷ್‌ಗಳಲ್ಲಿ ಪಿನ್ ತಿರುಗುವುದಿಲ್ಲ, ರಬ್ಬರೇ ತಿರುಚಿಕೊಳ್ಳುತ್ತದೆ. ಅಂಥದ್ದನ್ನು ಗಾಳಿಯಲ್ಲಿ ಬಿಗಿದರೆ, ಗಾಡಿ ಕೆಳಗಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿದ ಸ್ಥಿತಿಯಲ್ಲೇ ಉಳಿದು ಬೇಗ ಹರಿಯುತ್ತದೆ. ನೀವು ಕಳುಹಿಸಿದ ಚಿತ್ರದಲ್ಲಿ ಪಾಟಾದ ಪಿನ್ನುಗಳ ತುದಿಯಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಕಾಣುತ್ತಿದೆ. ಅಂದರೆ ನಿಮ್ಮದು ಗನ್‌ಮೆಟಲ್ ಬುಷ್, ಪಿನ್ ಅದರೊಳಗೆ ತಿರುಗುತ್ತದೆ, ಆದ್ದರಿಂದ ಪಾಟಾದ ಕಣ್ಣಿನ ಪಿನ್ನುಗಳನ್ನೂ ಶಾಕಲ್ಲುಗಳನ್ನೂ ಮೇಲೆತ್ತಿದ ಸ್ಥಿತಿಯಲ್ಲಿಯೇ ಜೋಡಿಸಿ ಮುಗಿಸಬಹುದು. ಶಾಕಲ್ ಬದಿಗಳು ಮಾತ್ರ ಕಚ್ಚಿಕೊಳ್ಳದೆ, ಕೈಯಿಂದ ತಳ್ಳಿದರೆ ತೂಗುವಂತಿರಲಿ. ನೆಲಕ್ಕಿಳಿಸಿ ಬಿಗಿಯಬೇಕಾದದ್ದು ಯು ಬೋಲ್ಟುಗಳನ್ನು: ಗಾಡಿಯ ಭಾರ ಬಿದ್ದು ಪಾಟಾಗಳು ಚಪ್ಪಟೆಯಾಗಿ ಮೈಗೆ ಮೈ ಕೂತ ಮೇಲೆ, ಕರ್ಣರೇಖೆಯಂತೆ ಒಂದು ಬಿಟ್ಟು ಇನ್ನೊಂದು ನಟ್ಟನ್ನು, ಮೂರು ಸುತ್ತುಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಕೊನೆಯ ಅಂಕಿಗೆ ತರಬೇಕು. ಒಂದೇ ನಟ್ಟನ್ನು ಪೂರ್ತಿ ಬಿಗಿದು ಮುಂದೆ ಹೋದರೆ ತಟ್ಟೆ ಓರೆಯಾಗಿ ಕೂರುತ್ತದೆ.

ಬಲಬದಿಯ ಬಿಗಿ ಸ್ಟಬ್ ಆಕ್ಸಲ್ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ: ಓಡಿಸಿ ಸಡಿಲ ಮಾಡುವುದು ಬೇಡ. ಕಿಂಗ್ ಪಿನ್ ಆಕ್ಸಲ್ ತುದಿಯ ಕಣ್ಣಿನಲ್ಲಿ (ತೂತಿನಲ್ಲಿ) ಅಡ್ಡಲಾಗಿ ತೂರಿದ ಕಾಟರ್ ಪಿನ್ನಿನಿಂದ ಬಂಧಿತವಾಗಿ ನಿಂತಿರುತ್ತದೆ, ಸ್ಟಬ್ ಆಕ್ಸಲ್ ತನ್ನ ಮೇಲಿನ ಹಾಗೂ ಕೆಳಗಿನ ಬುಷ್‌ಗಳೊಂದಿಗೆ ಅದರ ಸುತ್ತ ತಿರುಗುತ್ತದೆ. ಬುಷ್ ಒತ್ತಿ ಕೂರಿಸಿದಾಗ ಅದರ ಒಳಸುತ್ತು ಒಂದಿಷ್ಟು ಕುಗ್ಗುವುದರಿಂದ ರೀಮರ್ (ತೂತನ್ನು ಸರಿಯಾದ ಅಳತೆಗೆ ಕೊರೆಯುವ ಉಪಕರಣ) ಹಾಯಿಸಲೇಬೇಕು. ಮೇಲಿನದಕ್ಕೊಮ್ಮೆ, ಕೆಳಗಿನದಕ್ಕೊಮ್ಮೆ ಬೇರೆಬೇರೆಯಾಗಿ ಹಾಯಿಸಿದರೆ ಒಂದೊಂದೂ ಸರಿಯಾಗಿಯೇ ಕಾಣುತ್ತದೆ, ಆದರೆ ಎರಡರ ನಡುಗೆರೆ ಒಂದೇ ಆಗಿರುವುದಿಲ್ಲ. ಪಿನ್ ಎರಡನ್ನೂ ಹಾದುಹೋಗುವಾಗ ಕಚ್ಚಿಕೊಳ್ಳುತ್ತದೆ. ಮೇಲಿನ ಬುಷ್ಷಿನಲ್ಲಿ ಆಸರೆ ಪಡೆದು ಕೆಳಗಿನದನ್ನು ಕೊರೆಯುವ ಉದ್ದನೆಯ ರೀಮರ್ ಇರುವ ಲೇತ್ ಅಂಗಡಿಗೆ ಒಯ್ಯಿರಿ. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳ ಕಾಲದಿಂದ ಬೆಳೆದ ಲೇತ್ ಕೆಲಸಗಾರರಿದ್ದಾರೆ, ಅವರಿಗೆ ಇದು ಒಂದು ಗಂಟೆಯ ಕೆಲಸ.

ಲೇತಿಗೆ ಒಯ್ಯುವ ಮೊದಲು ಎರಡು ಸಣ್ಣ ಕಾರಣಗಳನ್ನು ಪರಿಶೀಲಿಸಿ. ಥ್ರಸ್ಟ್ ಬೇರಿಂಗ್ ಆಕ್ಸಲ್ಲಿನ ಕಣ್ಣಿನ ಕೆಳಗೆ, ಸ್ಟಬ್ ಆಕ್ಸಲ್ಲಿನ ಕೆಳಗಿನ ತೋಳಿನ ಮೇಲೆ ಕೂರುತ್ತದೆ. ಗಾಡಿಯ ಮುಂಭಾಗದ ಭಾರವೆಲ್ಲ ಅದರ ಮೇಲಿರುತ್ತದೆ. ನೀರು ಧೂಳು ಒಳಗಿಳಿಯದಂತೆ ಅದರ ಮುಚ್ಚಿದ ಮೈ ಮೇಲಕ್ಕಿರಬೇಕು. ತಲೆಕೆಳಗಾಗಿ ಹಾಕಿದರೂ ಅದು ಕೂರುತ್ತದೆ, ತಿರುಗುವಾಗ ಮಾತ್ರ ಒರೆಯುತ್ತದೆ. ಎರಡನೆಯದು ಶಿಮ್, ಅಂದರೆ ತೆಳುವಾದ ಲೋಹದ ಬಿಲ್ಲೆ. ಕಣ್ಣಿನ ಮೇಲ್ಭಾಗದಲ್ಲಿ ಹಾಕುವ ಶಿಮ್ಮುಗಳು ಮೇಲೆ ಕೆಳಗಿನ ಆಟವನ್ನು (ಸಡಿಲನ್ನು) ಮಿತಿಯಲ್ಲಿಡುತ್ತವೆ. ಆ ಆಟ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು, ಅಷ್ಟೇ. ಒಂದು ಶಿಮ್ ಹೆಚ್ಚಾದರೂ ಬಿಗಿಯಾಗುತ್ತದೆ. ಬುಷ್ಷಿನ ತೂತು ಗ್ರೀಸ್ ನಿಪ್ಪಲಿನ ದಾರಿಗೆ ನೇರವಾಗಿದೆಯೇ ಎಂದು ತಂತಿ ತೂರಿಸಿ ನೋಡುವುದನ್ನೂ ಮರೆಯಬೇಡಿ. ಹೊಸ ಬುಷ್ ಗ್ರೀಸ್ ಕಾಣದೆ ಆರೇ ತಿಂಗಳಲ್ಲಿ ಸವೆದುಹೋದದ್ದನ್ನು ನಾನು ಬಿಚ್ಚಿ ನೋಡಿದ್ದೇನೆ. ನಿಪ್ಪಲ್ ತುಂಬ ಗ್ರೀಸ್ ಇತ್ತು, ಬುಷ್ಷಿನ ಬೆನ್ನಿನಲ್ಲಿಯೂ ಇತ್ತು, ಒಳಗೆ ಮಾತ್ರ ಇರಲಿಲ್ಲ.

ಎಡಬಲ ಚಕ್ರಗಳನ್ನು ಜೋಡಿಸುವ ಟೈ ರಾಡ್, ಡ್ರ್ಯಾಗ್ ಲಿಂಕ್ ಯಾವುದೂ ಸೇರದಿರುವಾಗ, ಗ್ರೀಸ್ ತುಂಬಿದ ಸ್ಟಬ್ ಆಕ್ಸಲ್ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒಂದೇ ಕೈಯಲ್ಲಿ, ಒಂದೇ ಸಮನಾದ ತಡೆಯೊಂದಿಗೆ ತಿರುಗಬೇಕು. ಹೊಸದರಲ್ಲಿ ತಡೆ ಇರುವುದು ಸರಿ, ಒಂದು ಜಾಗದಲ್ಲಿ ಸಿಕ್ಕಿಕೊಳ್ಳುವುದು ಸರಿಯಲ್ಲ. ಕಚ್ಚಿದ ಕಿಂಗ್ ಪಿನ್ನಿನ ಗಾಡಿಯಲ್ಲಿ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ, ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಅದು ಸಣ್ಣ ಸಂಗತಿಯಲ್ಲ. ಕಾಟರ್ ಪಿನ್ನಿನ ಚಪ್ಪಟೆ ಮೈ ಕಿಂಗ್ ಪಿನ್ನಿನ ಕಚ್ಚಿಗೆ ಎದುರಾಗಿ ಕೂತಿದೆಯೇ ನೋಡಿ, ತಾಮ್ರದ ಸುತ್ತಿಗೆಯಿಂದ ಬಡಿದು, ನಟ್ ಬಿಗಿದು, ಮತ್ತೊಮ್ಮೆ ಬಡಿದು ಮತ್ತೊಮ್ಮೆ ಬಿಗಿಯಿರಿ.

ಬೆಣೆಗಳ ವಿಷಯದಲ್ಲಿ ನಿಮ್ಮ ಮರೆವಿಗೆ ಸಂಕೋಚ ಬೇಡ. ನಾನು ಕೆಲಸ ಕಲಿತ ಹೊಸದರಲ್ಲಿ ಒಂದು ಬಸ್ಸಿಗೆ ಎರಡೂ ಬೆಣೆಗಳನ್ನು ಹಿಂದುಮುಂದಾಗಿ ಹಾಕಿ ಕಳುಹಿಸಿದ್ದೆ. ಹರಿಹರ ಮುಟ್ಟಿ ವಾಪಸ್ ಬಂದ ಚಾಲಕ, ‘ಅಣ್ಣಾ, ಗಾಡಿ ಕುಡಿದೋರಂಗ ಹೊಂಟೈತಿ’ ಎಂದು ಕೀಲಿ ನನ್ನ ಕೈಗಿಟ್ಟು ಚಹಾ ಕುಡಿಯಲು ಹೋದ. ಬೆಣೆಯ ಕೆಲಸ ಕಿಂಗ್ ಪಿನ್ನಿನ ತಲೆಯನ್ನು ಒಂದಿಷ್ಟು ಹಿಂದಕ್ಕೆ ವಾಲಿಸುವುದು. ಸೈಕಲ್ಲಿನ ಮುಂದಿನ ಕವಲು ವಾಲಿರುವುದರಿಂದಲೇ ಓಡುವಾಗ ಹ್ಯಾಂಡಲ್ ನೇರಕ್ಕೆ ಬರುವಂತೆ, ಇಲ್ಲಿಯೂ ಆ ವಾಲಿನಿಂದ ಚಕ್ರ ತಾನಾಗಿ ನೇರವಾಗುತ್ತದೆ. ನಿಮ್ಮ ಗಾಡಿಯಲ್ಲಿರುವಂತೆ ಪಾಟಾ ಆಕ್ಸಲ್ಲಿನ ಮೇಲೆ ಕೂರುವಾಗ, ಬೆಣೆಯ ದಪ್ಪ ತುದಿ ಹಿಂದಕ್ಕಿದ್ದರೆ ಆಕ್ಸಲ್ ಹಿಂದಕ್ಕೆ ವಾಲುತ್ತದೆ, ಮುಂದಕ್ಕಿದ್ದರೆ ಆ ವಾಲು ಕಡಿಮೆಯಾಗುತ್ತದೆ. ಹಾಗೆಂದು ಕಣ್ಣುಮುಚ್ಚಿ ಹಿಂದಕ್ಕಿಡಿ ಎಂದು ಹೇಳಲಾರೆ, ಏಕೆಂದರೆ ಕೆಲವು ಚಾಸಿಸ್‌ಗಳಲ್ಲಿ ಪ್ಯಾಡಿನಲ್ಲೇ ವಾಲು ಕೊಟ್ಟು, ಹೆಚ್ಚಾದದ್ದನ್ನು ತಗ್ಗಿಸಲು ಬೆಣೆ ಹಾಕಿರುತ್ತಾರೆ.

ಆದ್ದರಿಂದ ಅಳೆದು ನೋಡುವುದೇ ದಾರಿ. ಬೆಣೆಗಳ ಎರಡೂ ತುದಿಗಳನ್ನು ವರ್ನಿಯರಿನಿಂದ ಅಳೆದು ಎರಡೂ ಬೆಣೆ ಒಂದೇ ಸಮನಾಗಿವೆಯೇ ಖಚಿತಪಡಿಸಿಕೊಳ್ಳಿ. ದಪ್ಪ ತುದಿ ಹಿಂದಕ್ಕಿಟ್ಟು ತಾತ್ಕಾಲಿಕವಾಗಿ ಜೋಡಿಸಿ, ಸಿಮೆಂಟ್ ನೆಲದ ಮೇಲೆ ಗಾಡಿಯನ್ನು ತನ್ನ ಭಾರದಲ್ಲಿ ನಿಲ್ಲಿಸಿ, ಕಿಂಗ್ ಪಿನ್ನಿನ ತಲೆಯ ಮುಚ್ಚಳ ತೆಗೆದು ಅದರ ಸಪಾಟು ಮೈಯ ಮೇಲೆ ಕೋನ ಅಳೆಯುವ ಮಟ್ಟಗೋಲಿಡಿ. ಇಂಥ ಆಕ್ಸಲ್ಲುಗಳಲ್ಲಿ ತಲೆ ಹಿಂದಕ್ಕೆ ಒಂದೆರಡು ಡಿಗ್ರಿಯಿಂದ ಮೂರ್ನಾಲ್ಕು ಡಿಗ್ರಿಯೊಳಗೆ ವಾಲಿರುವುದು ಸಾಮಾನ್ಯ. ನಿಮ್ಮ ಕೈಪಿಡಿಯ ಅಂಕಿ ಸಿಕ್ಕರೆ ಅದೇ ಅಂತಿಮ. ಮಿತಿಮೀರಿ ವಾಲಿದರೆ ಸ್ಟೀರಿಂಗ್ ಭಾರವಾಗುತ್ತದೆ, ಒಂದು ವೇಗದಲ್ಲಿ ಚಕ್ರಗಳು ಗಡಗಡ ನಡುಗಲೂಬಹುದು. ಎಡಬಲ ಎರಡೂ ಕಡೆ ಒಂದೇ ಕೋನ ಬರಬೇಕು. ಒಂಬತ್ತನೆಯ ಪಾಟಾ ತೆಗೆಯುವ ಮೊದಲು ಈ ಅಳತೆ ಮಾಡಿದರೆ ಶ್ರಮ ವ್ಯರ್ಥ.

ತುಂಡಾದ ಬೋಲ್ಟಿನ ಎಡಬದಿಯಲ್ಲಿ ಆಕ್ಸಲ್ ಪ್ಯಾಡಿನ ಗುಂಡಿಯನ್ನು ವಿಶೇಷವಾಗಿ ನೋಡಿ. ಸೆಂಟರ್ ಬೋಲ್ಟಿನ ತಲೆ ಅಲ್ಲಿ ಅತ್ತಿತ್ತ ಉಜ್ಜಿದ್ದರೆ ಗುಂಡಿ ದುಂಡಗಿರದೆ ಮೊಟ್ಟೆಯ ಆಕಾರಕ್ಕೆ ತಿರುಗಿರುತ್ತದೆ. ಹೊಸ ಬೋಲ್ಟ್ ಹಾಕಿದರೂ ಆಕ್ಸಲ್ ಎಲ್ಲಿ ಕೂರಬೇಕೆಂಬುದು ಗೊತ್ತಾಗುವುದಿಲ್ಲ. ಹಾಗಿದ್ದರೆ ಗುಂಡಿಯನ್ನು ಲೇತಿನವರಲ್ಲಿ ದುಂಡಗೆ ಅಗಲಿಸಿ ಒಳಗೆ ಉಂಗುರ ಕೂರಿಸುವುದು ಒಂದು ಉಪಾಯ. ಆಕ್ಸಲ್ಲಿನ ಮೇಲೆ ವೆಲ್ಡಿಂಗ್ ಮಾಡಿ ತುಂಬುವುದನ್ನು ನಾನು ಒಪ್ಪುವುದಿಲ್ಲ. ಜೋಡಿಸಿದ ಮೇಲೆ ಎಡಬಲ ಎರಡೂ ಕಡೆ ಮುಂದಿನ ಹಬ್ಬಿನ ನಡುವಿನಿಂದ ಹಿಂದಿನ ಹಬ್ಬಿನ ನಡುವಿನವರೆಗೆ ಟೇಪು ಹಿಡಿದು ಅಳೆಯಿರಿ, ಕೆಲವೇ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಕಡೆ ಬೋಲ್ಟಿನ ತಲೆ ಗುಂಡಿಗೆ ಇಳಿದಿಲ್ಲ ಎಂದರ್ಥ.

ಇನ್ನು ಜೋಡಣೆಯ ಕ್ರಮ. ಶೆಡ್ಡಿನ ನೆಲ ಎರೆಮಣ್ಣಿನದಾಗಿದ್ದರೆ ಸ್ಟ್ಯಾಂಡುಗಳ ಕೆಳಗೆ ದಪ್ಪ ಕಬ್ಬಿಣದ ತಟ್ಟೆ ಅಥವಾ ರೈಲ್ವೆ ಸ್ಲೀಪರ್ ಹಾಕದೆ ಕೆಳಗೆ ತೂರಬೇಡಿ; ನಿನ್ನೆ ಗಟ್ಟಿಯಾಗಿದ್ದ ಎರೆ ಒಂದು ಮಳೆಗೆ ಬೆಣ್ಣೆಯಾಗುತ್ತದೆ, ಜಾಕ್ ಒಂದನ್ನೇ ನಂಬುವುದಂತೂ ಎಂದಿಗೂ ಬೇಡ. ಪಾಟಾ ಸೆಟ್ಟುಗಳನ್ನು ಮೊದಲು ಚಾಸಿಸ್‌ಗೆ ತೂಗುಹಾಕಿ, ಆಕ್ಸಲ್ಲನ್ನು ಟ್ರಾಲಿ ಜಾಕಿನಿಂದ ಕೆಳಗಿನಿಂದ ಏರಿಸಿ, ಬೋಲ್ಟಿನ ತಲೆಗಳು ಗುಂಡಿಗಿಳಿದದ್ದನ್ನು ಟಾರ್ಚ್ ಹಿಡಿದು ನೋಡಿ, ಯು ಬೋಲ್ಟುಗಳನ್ನು ಕೈಬಿಗಿಯಷ್ಟೇ ಮಾಡಿ. ಸ್ಟಬ್ ಆಕ್ಸಲ್, ಹಬ್, ಚಕ್ರ ಸೇರಿದ ಮೇಲೆ ಗಾಡಿ ಇಳಿಸಿ, ಮುಂಭಾಗವನ್ನು ನಾಲ್ಕಾರು ಸಲ ಕುಲುಕಿ, ಆಮೇಲೆ ಯು ಬೋಲ್ಟ್ ಬಿಗಿಯಿರಿ. ಡ್ರ್ಯಾಗ್ ಲಿಂಕನ್ನು ಕೊನೆಗೆ ಸೇರಿಸಿ: ಸ್ಟೀರಿಂಗ್ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಎಷ್ಟು ಸುತ್ತು ತಿರುಗುತ್ತದೆಂದು ಎಣಿಸಿ, ಅದರ ಅರ್ಧಕ್ಕೆ ತಂದು, ಚಕ್ರಗಳನ್ನು ನೇರವಿಟ್ಟು, ಲಿಂಕಿನ ಉದ್ದವನ್ನು ಅದಕ್ಕೆ ಹೊಂದಿಸಬೇಕು. ಲಿಂಕಿಗೆ ಹೊಂದುವಂತೆ ಸ್ಟೀರಿಂಗ್ ಚಕ್ರವನ್ನು ಕಿತ್ತು ತಿರುಗಿಸಿ ಹಾಕಿದರೆ ಒಂದು ಕಡೆ ತಿರುವು ಕಡಿಮೆಯಾಗಿಯೇ ಉಳಿಯುತ್ತದೆ. ಸ್ಪ್ಲಿಟ್ ಪಿನ್ನುಗಳೆಲ್ಲ ಹೊಸವು, ಒಂದೂ ಹಳೆಯದಲ್ಲ. ಟೋ ಇನ್ನನ್ನು (ಮುಂದಿನ ಚಕ್ರಗಳ ಮುಂತುದಿಗಳು ಒಳಕ್ಕೆ ತಿರುಗಿರುವ ಅಳತೆಯನ್ನು) ಕೈಪಿಡಿಯ ಅಂಕಿಗೆ ಹೊಂದಿಸಿ. ನೈಲಾನ್ ಟೈರಿನ ಬದಲು ರೇಡಿಯಲ್ ಹಾಕಿದ್ದರೆ ಅದಕ್ಕಿಂತ ಕಡಿಮೆ ಸಾಕು.

ಪಾಟಾಗಳ ನಡುವೆ, ಬಣ್ಣ ಕೆರೆದ ನಡುಭಾಗ ಬಿಟ್ಟು ತುದಿಗಳ ಕಡೆಗೆ, ಗ್ರಾಫೈಟ್ ಗ್ರೀಸ್ ಹಚ್ಚಿ. ಸುಟ್ಟ ಎಂಜಿನ್ ಆಯಿಲ್ ಎರಚುವ ನಮ್ಮ ರೂಢಿಯನ್ನು ಇಲ್ಲಿಗೆ ತರಬೇಡಿ. ಚಿತ್ರದುರ್ಗದ ಗಾಳಿಯಲ್ಲಿರುವ ಧೂಳು ಆ ಆಯಿಲಿಗೆ ಅಂಟಿದರೆ ಸಾಣೆ ಹಿಡಿಯುವ ಹಿಟ್ಟೇ ಆಗುತ್ತದೆ. ಕಿಂಗ್ ಪಿನ್ನಿಗೆ ಗ್ರೀಸನ್ನು ಒಮ್ಮೆ ಚಕ್ರ ನೆಲದಲ್ಲಿದ್ದಾಗ, ಇನ್ನೊಮ್ಮೆ ಜಾಕ್ ಕೊಟ್ಟು ಎತ್ತಿದಾಗ ಹಾಕುವುದು ನನ್ನ ಪದ್ಧತಿ. ಭಾರ ಇಳಿದಾಗಲೇ ಥ್ರಸ್ಟ್ ಬೇರಿಂಗಿನ ನಡುವೆ ಗ್ರೀಸ್ ಹೊಗುತ್ತದೆ.

ಮೊದಲ ಓಟ ಚಳ್ಳಕೆರೆಯ ಸುತ್ತಮುತ್ತಲೇ ಇರಲಿ, ನಿಧಾನವಾಗಿ, ಖಾಲಿ ಗಾಡಿಯಲ್ಲಿ. ಅದಕ್ಕೂ ಮೊದಲು ಪ್ರತಿ ಯು ಬೋಲ್ಟ್ ನಟ್ಟಿನಿಂದ ತಟ್ಟೆಯವರೆಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ನಟ್ ಸರಿದರೆ ಗೆರೆ ಮುರಿಯುತ್ತದೆ. ಗೆರೆ ಮುರಿಯದಿದ್ದರೂ, ಮೇಲೆ ಹೇಳಿದ ಕಾರಣಕ್ಕೆ, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಟಾರ್ಕ್ ರೆಂಚ್ ಹಾಕಿಯೇ ನೋಡಬೇಕು, 500ರ ಸುಮಾರಿಗೆ ಇನ್ನೊಮ್ಮೆ. ಚಿತ್ರದುರ್ಗಕ್ಕೆ ಹೋಗಿಬಂದರೆ ನಿಮ್ಮ ಮೊದಲ ಮರುಬಿಗಿತದ ಹೊತ್ತಾಗುತ್ತದೆ. ಹಿಂದಿರುಗಿದ ಕೂಡಲೇ ಹಬ್ಬುಗಳನ್ನು ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಬೇರಿಂಗ್ ಬಿಗಿಯಾಗಿರಬಹುದು. ಚಕ್ರ ಎತ್ತಿ ಮೇಲೆ ಕೆಳಗೆ ಅಲುಗಿಸಿದಾಗ ಆಟ ಕಂಡರೆ ಕಿಂಗ್ ಪಿನ್ನನ್ನು ಬೈಯುವ ಮೊದಲು, ಒಬ್ಬರನ್ನು ಕೂರಿಸಿ ಬ್ರೇಕ್ ಒತ್ತಿಹಿಡಿಸಿ ಮತ್ತೆ ಅಲುಗಿಸಿ: ಆಟ ಮಾಯವಾದರೆ ಅದು ಹಬ್ ಬೇರಿಂಗಿನದು, ಉಳಿದರೆ ಕಿಂಗ್ ಪಿನ್ನಿನದು.

ತುಂಡಾದ ಆ ಸೆಂಟರ್ ಬೋಲ್ಟನ್ನು ಎಸೆದಿಲ್ಲ ತಾನೆ? ಮುರಿದ ಮುಖ ಹರಳುಹರಳಾಗಿದ್ದರೆ ಅದು ಒಮ್ಮೆಲೇ, ಬಹುಶಃ ಬಿಚ್ಚುವ ಹೊತ್ತಿನಲ್ಲಿ, ಮುರಿದದ್ದು. ಹಳೆಯ ನಾಣ್ಯದಂತೆ ನುಣ್ಣಗೆ ಹೊಳೆಯುತ್ತಿದ್ದರೆ ನಿಮ್ಮ ತಾತನವರ ಕಾಲದಲ್ಲೇ ಆ ಆಕ್ಸಲ್ ಬಹಳ ದಿನ ಅತ್ತಿತ್ತ ಜರುಗುತ್ತ ಓಡಿದೆ, ಆಗ ಬಲಬದಿಯ ಪ್ಯಾಡನ್ನೂ ಅಷ್ಟೇ ಅನುಮಾನದಿಂದ ನೋಡಬೇಕಾಗುತ್ತದೆ. ಆ ಮುಖದ ಹತ್ತಿರದ ಚಿತ್ರವನ್ನೂ ಎರಡೂ ಗುಂಡಿಗಳ ಉದ್ದ ಅಗಲದ ಅಳತೆಯನ್ನೂ ಕಳುಹಿಸಿ, ಉಂಗುರ ಕೂರಿಸಬೇಕೇ ಬೇಡವೇ ಎಂಬುದನ್ನು ಅದನ್ನು ನೋಡಿ ಹೇಳುತ್ತೇನೆ.